ಹಳಿಯ ಆಚೆಗೆ ಒಂದು ದಾರಿ: ನಗರದ ರೈಲು ಮಾರ್ಗಕ್ಕೆ ಅಡ್ಡಲಾಗಿ ನಡಿಗೆ ಮತ್ತು ಸೈಕಲ್ ದಾಟುದಾರಿಯನ್ನು ಯೋಜಿಸುವುದು ಹೇಗೆ

ನಗರದೊಳಗೆ ರೈಲು ಹಾದುಹೋಗುವ ಕಡೆಗಳಲ್ಲಿ, ಹಳಿಯುದ್ದಕ್ಕೂ ಕಟ್ಟಿದ ಕಾಂಪೌಂಡ್ ಗೋಡೆಯಲ್ಲಿ ಎಲ್ಲಾದರೊಂದು ಕಡೆ ಕಲ್ಲು ಕಿತ್ತುಹೋದ ಸಂದು ಇದ್ದೇ ಇರುತ್ತದೆ. ಹಿಡಿದು ದಾಟಿದವರ ಕೈಗಳಿಂದ ಆ ಸಂದಿನ ಅಂಚು ನುಣುಪಾಗಿರುತ್ತದೆ. ಅದರಾಚೆಯ ಏರಿನಲ್ಲಿ ಕಾಲ್ತುಳಿತವೇ ಮೆಟ್ಟಿಲು ಕಡಿದಿರುತ್ತದೆ. ಬೆಳಗ್ಗೆ ಏಳೂವರೆಗೆ ಅಲ್ಲಿ ನಿಂತು ನೋಡಿದರೆ, ಹಾಲಿನ ಕ್ಯಾನು ತೂಗುಹಾಕಿದ ಸೈಕಲ್ಲನ್ನು ಇಬ್ಬರು ಎತ್ತಿ ಹಿಡಿದು ದಾಟಿಸುವುದು, ಪೆಡಲು ಹಳಿಗೆ ತಗುಲಿ ಸೈಕಲ್ಲು ವಾಲುವುದು, ಆ ಕ್ಷಣದಲ್ಲಿ ಇಬ್ಬರೂ ಕತ್ತೆತ್ತಿ ಎರಡೂ ದಿಕ್ಕಿಗೆ ನೋಡುವುದು ಕಾಣುತ್ತದೆ. ಅವರ ಹಿಂದೆಯೇ ಶಾಲೆಯ ಚೀಲ ಹೊತ್ತ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಬರುತ್ತಾರೆ.

1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಇದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಮನೆ ಒಂದು ಕಡೆಗೂ ಶಾಲೆ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ ಮತ್ತೊಂದು ಕಡೆಗೂ ಇರುವಾಗ, ಮೂರು ನಿಮಿಷದ ದಾರಿಗೆ ಬದಲಾಗಿ ಮುಕ್ಕಾಲು ಗಂಟೆ ಸುತ್ತಿ ಹೋಗಿರೆಂದು ಯಾವ ಕಾನೂನೂ ಜನರನ್ನು ಒಪ್ಪಿಸಲಾರದು. ಸಂದನ್ನು ಮುಚ್ಚಿದರೆ ಹತ್ತು ಮಾರು ಆಚೆಗೆ ಮತ್ತೊಂದು ಸಂದು ತೆರೆಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒಂದೇ ಮಾತನ್ನು ಹಿಡಿದುಕೊಂಡು ಹೋಗುತ್ತೇನೆ: ಜನರ ಕಾಲು ಈಗಾಗಲೇ ಆರಿಸಿಕೊಂಡಿರುವ ಜಾಗದಲ್ಲಿ, ಅವರು ಹತ್ತಿ ಇಳಿಯಬೇಕಾದ ಎತ್ತರವನ್ನು ಸಾಧ್ಯವಾದಷ್ಟು ತಗ್ಗಿಸಿ ಕಟ್ಟಿದ ದಾಟುದಾರಿಯನ್ನು ಮಾತ್ರ ಜನರು ಬಳಸುತ್ತಾರೆ. ವಾರ್ಡ್ ಸಮಿತಿಯ ಸದಸ್ಯರು, ಬಡಾವಣೆಯ ನಿವಾಸಿಗಳ ಸಂಘದವರು, ಸ್ಥಳೀಯ ಸಂಸ್ಥೆಯ ಕಿರಿಯ ಎಂಜಿನಿಯರುಗಳು ಇಂಥ ಬೇಡಿಕೆಯನ್ನು ಕೈಗೆತ್ತಿಕೊಂಡಾಗ ಎಲ್ಲಿಂದ ಆರಂಭಿಸಿ ಎಲ್ಲಿಗೆ ಮುಟ್ಟಿಸಬೇಕೆಂಬುದನ್ನು ಕರ್ನಾಟಕದ ನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿವರಿಸಿದ್ದೇನೆ.

ಮೊದಲು ಎಣಿಸಿ, ಆಮೇಲೆ ಗೆರೆ ಎಳೆಯಿರಿ

ಹೆಚ್ಚಿನ ಯೋಜನೆಗಳು ನಕ್ಷೆಯ ಮೇಲೆ ಎಂಜಿನಿಯರಿಗೆ ಅನುಕೂಲವಾದ ಖಾಲಿ ಜಾಗದಿಂದ ಆರಂಭವಾಗುತ್ತವೆ. ನಾನು ಹತ್ತಿರದಿಂದ ಕಂಡ ಒಂದು ಪಾದಚಾರಿ ಸೇತುವೆಯೂ ಹೀಗೆಯೇ ಆಯಿತು. ಜನರು ದಾಟುತ್ತಿದ್ದ ಸಂದಿನಿಂದ ಸುಮಾರು ಮುನ್ನೂರು ಮೀಟರ್ ದೂರದಲ್ಲಿ ಸರ್ಕಾರಿ ಜಾಗ ಸಿಕ್ಕಿತೆಂದು ಅಲ್ಲಿ ಕಟ್ಟಿದರು. ಉದ್ಘಾಟನೆಯಾದ ಮರುವಾರ ಬೆಳಗ್ಗೆ ಹೋಗಿ ನೋಡಿದಾಗ ಸೇತುವೆಯ ಮೇಲೆ ಇಬ್ಬರು ವಾಯುವಿಹಾರ ಮಾಡುತ್ತಿದ್ದರು, ಸಂದಿನಲ್ಲಿ ಎಂದಿನ ಸಾಲು ಇತ್ತು. ಇದನ್ನು ತಪ್ಪಿಸಲು ಎಣಿಕೆಯೊಂದೇ ದಾರಿ.

ಎಣಿಕೆಗೆ ಇಬ್ಬರು, ಎರಡು ನೋಟ್‌ಬುಕ್ಕು ಸಾಕು. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ, ಕಾಲು ಗಂಟೆಗೊಮ್ಮೆ ಗೆರೆ ಹಾಕುತ್ತಾ, ಕನಿಷ್ಠ ಮೂರು ದಿನ ಎಣಿಸಬೇಕು: ಒಂದು ಶಾಲೆಯ ದಿನ, ಒಂದು ಭಾನುವಾರ ಅಥವಾ ಸಂತೆಯ ದಿನ, ಮತ್ತು ಒಂದು ಮಳೆಯ ದಿನ. ಒಟ್ಟು ಸಂಖ್ಯೆಯೊಂದನ್ನೇ ಬರೆದರೆ ಪ್ರಯೋಜನವಿಲ್ಲ. ಮಕ್ಕಳೆಷ್ಟು, ಕೋಲೂರಿ ನಡೆಯುವವರೆಷ್ಟು, ತಲೆಯ ಮೇಲೆ ಹೊರೆ ಹೊತ್ತವರೆಷ್ಟು, ಸೈಕಲ್ಲು ತಳ್ಳಿಕೊಂಡು ಬಂದವರೆಷ್ಟು, ಸೈಕಲ್ಲು ಇದ್ದೂ ಎತ್ತಲಾರದೆ ಹಿಂದಿರುಗಿದವರೆಷ್ಟು ಎಂಬುದನ್ನು ಬೇರೆ ಬೇರೆ ಬರೆಯಬೇಕು. ಮುಂದೆ ರ‍್ಯಾಂಪಿನ ಅಗತ್ಯವನ್ನು ಯಾರಾದರೂ ಪ್ರಶ್ನಿಸಿದಾಗ ಉತ್ತರ ಹೇಳುವುದು ಈ ಕೊನೆಯ ಸಂಖ್ಯೆಯೇ. ದಾಟಿದವರಲ್ಲಿ ಹತ್ತರಲ್ಲಿ ಒಬ್ಬರನ್ನಾದರೂ ನಿಲ್ಲಿಸಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಈ ದಾರಿ ಇಲ್ಲದಿದ್ದರೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಬೇಕು. ಉತ್ತರಗಳನ್ನು ಬಡಾವಣೆಯ ನಕ್ಷೆಯ ಮೇಲೆ ಗೆರೆಗಳಾಗಿ ಎಳೆದರೆ, ಯಾವ ಎರಡು ಬೀದಿಗಳು ಪರಸ್ಪರ ಕೂಡಬೇಕೆಂದು ಕಾದಿವೆ ಎಂಬುದು ತಾನಾಗಿಯೇ ಕಾಣುತ್ತದೆ.

ಎಣಿಸುವವರು ರೈಲ್ವೆ ಗಡಿಯ ಹೊರಗೇ ನಿಲ್ಲಬೇಕು. ಹಳಿಯ ಮೇಲೆ ನಿಂತು ಅಳತೆ ಹಿಡಿಯುವುದು ಅಪರಾಧವೂ ಹೌದು, ಅಪಾಯವೂ ಹೌದು. ಅಪಾಯದ ಪ್ರಮಾಣವನ್ನು ಲೆಕ್ಕ ಹಾಕಿ ವರದಿಯಲ್ಲಿ ಸೇರಿಸುವುದು ಒಳ್ಳೆಯದು. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಜೋಡಿ ಮಾರ್ಗ ಹೊಸದಾಗಿದ್ದರೆ ಎರಡರ ಮಧ್ಯರೇಖೆಗಳ ನಡುವೆ ಕನಿಷ್ಠ 5.3 ಮೀಟರ್ ಇರುತ್ತದೆ. ಬದಿಯ ಅಪಾಯದ ವಲಯವನ್ನೂ ಸೇರಿಸಿದರೆ ದಾಟಬೇಕಾದ ಅಗಲ ಹತ್ತು ಮೀಟರಿಗೂ ಮಿಗುತ್ತದೆ. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಇದಕ್ಕೆ ಸುಮಾರು ಒಂಬತ್ತು ಸೆಕೆಂಡು ಬೇಕು, ಜಲ್ಲಿಯ ಮೇಲೆ ಸೈಕಲ್ಲು ಎಳೆಯುವವರಿಗೆ ಅದರ ಎರಡರಷ್ಟು. ಗಂಟೆಗೆ ನೂರು ಕಿಲೋಮೀಟರ್ ವೇಗದ ರೈಲು ಒಂಬತ್ತು ಸೆಕೆಂಡಿನಲ್ಲಿ 250 ಮೀಟರ್ ಸಾಗಿಬಿಡುತ್ತದೆ. ಸಂದಿನ ಹತ್ತಿರ ಹಳಿ ಬಾಗಿದ್ದರೆ, ಅಥವಾ ಗೂಡ್ಸ್ ಗಾಡಿ ನಿಂತು ಮರೆಯಾಗಿದ್ದರೆ, ರೈಲು ಕಣ್ಣಿಗೆ ಬೀಳುವುದೇ ಅದಕ್ಕಿಂತ ತಡವಾಗಿ.

ಇನ್ನೊಂದು ಸಣ್ಣ ವಿಷಯವನ್ನು ಈ ಹಂತದಲ್ಲೇ ಗುರುತು ಮಾಡಿಕೊಳ್ಳಿ. ವಿದ್ಯುದೀಕರಣಗೊಂಡ ಮಾರ್ಗದಲ್ಲಿ ತಂತಿ ಹೊತ್ತ ಪ್ರತಿಯೊಂದು ಕಂಬದ ಮೇಲೂ ಕಿಲೋಮೀಟರ್ ಮತ್ತು ಕಂಬದ ಸಂಖ್ಯೆಯನ್ನು ಬರೆದಿರುತ್ತಾರೆ. ಸಂದಿನ ಎಡ ಬಲದ ಎರಡು ಕಂಬಗಳ ಸಂಖ್ಯೆಯನ್ನು ಗೋಡೆಯ ಹೊರಗಿನಿಂದಲೇ ಓದಿ ಬರೆದುಕೊಳ್ಳಿ. ಆಂಜನೇಯ ದೇವಸ್ಥಾನದ ಹಿಂದೆ ಎಂದು ಬರೆದ ಅರ್ಜಿ ರೈಲ್ವೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಇಂಥ ಎರಡು ಕಂಬಗಳ ನಡುವೆ ಎಂದು ಬರೆದ ಅರ್ಜಿಗೆ ಸ್ಥಳ ಪರಿಶೀಲನೆ ಬೇಗ ಆಗುತ್ತದೆ.

ಮೇಲೆಯೋ ಕೆಳಗೆಯೋ

ನೆಲಮಟ್ಟದಲ್ಲೇ ಗೇಟು ಹಾಕಿ ದಾಟಿಸಬಹುದಲ್ಲ ಎಂಬ ಪ್ರಶ್ನೆ ಸಭೆಗಳಲ್ಲಿ ಮೊದಲು ಬರುತ್ತದೆ. ಭಾರತೀಯ ರೈಲ್ವೆ 2019ರ ಜನವರಿ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನೆಲ್ಲ ತೆಗೆದುಹಾಕಿದೆ. ಕಾವಲುಳ್ಳ ಗೇಟುಗಳನ್ನೂ ಒಂದೊಂದಾಗಿ ಮುಚ್ಚುತ್ತಿದೆ. ನಗರದಲ್ಲಿ ಹೊಸ ಗೇಟು ಸಿಗುವುದಿಲ್ಲವೆಂದೇ ತಿಳಿದು ಹೊರಡಬೇಕು. ಉಳಿಯುವುದು ಎರಡೇ: ಹಳಿಯ ಮೇಲಿಂದ ಸೇತುವೆ, ಅಥವಾ ಅಡಿಯಿಂದ ಅಂಡರ್‌ಪಾಸ್.

ಇಲ್ಲಿ ಲೆಕ್ಕ ಮಾಡದೆ ನಿರ್ಧರಿಸಬಾರದು. ನಮ್ಮ ವಿದ್ಯುತ್ ರೈಲು ಮಾರ್ಗಗಳಲ್ಲಿ ಹಳಿಯ ಮೇಲೆ 25,000 ವೋಲ್ಟ್ ತಂತಿ ಹಾದುಹೋಗಿರುತ್ತದೆ. ಆದ್ದರಿಂದ ಪಾದಚಾರಿ ಸೇತುವೆಯ ಅಡಿಭಾಗ ಹಳಿಯ ಮಟ್ಟದಿಂದ ಕನಿಷ್ಠ 6.25 ಮೀಟರ್ ಮೇಲಿರಬೇಕೆಂಬ ಅಳತೆಯನ್ನು ಆರಂಭದ ಲೆಕ್ಕಕ್ಕೆ ಹಿಡಿಯಬಹುದು. ಎರಡಂತಸ್ತಿನ ಕಂಟೇನರ್ ಗಾಡಿಗಳು ಓಡುವ ಮಾರ್ಗವಾದರೆ ಇನ್ನೂ ಹೆಚ್ಚು ಬೇಕು, ಅಂತಿಮ ಅಳತೆಯನ್ನು ರೈಲ್ವೆ ವಿಭಾಗದ ಎಂಜಿನಿಯರಿಂಗ್ ಶಾಖೆಯಿಂದ ಲಿಖಿತವಾಗಿ ಪಡೆಯಬೇಕು. ಸೇತುವೆಯ ತೊಲೆ ಮತ್ತು ನೆಲಹಾಸಿನ ದಪ್ಪವನ್ನು ಮುಕ್ಕಾಲು ಮೀಟರ್ ಎಂದು ಹಿಡಿದರೆ, ನಡೆಯುವವರು ಏಳು ಮೀಟರ್ ಏರಬೇಕಾಯಿತು. ಹದಿನೈದು ಸೆಂಟಿಮೀಟರ್ ಎತ್ತರದ ಮೆಟ್ಟಿಲಾದರೆ ನಲವತ್ತೇಳು ಮೆಟ್ಟಿಲು. ಸೈಕಲ್ಲಿಗೆಂದು ಇಪ್ಪತ್ತಕ್ಕೆ ಒಂದರ, ಅಂದರೆ ಇಪ್ಪತ್ತು ಮೀಟರ್ ಉದ್ದಕ್ಕೆ ಒಂದು ಮೀಟರ್ ಏರುವ, ಇಳಿಜಾರು ಕೊಟ್ಟರೆ ಪ್ರತಿ ಬದಿಯಲ್ಲೂ 140 ಮೀಟರ್ ಉದ್ದದ ರ‍್ಯಾಂಪು.

ಅಂಡರ್‌ಪಾಸಿನ ಲೆಕ್ಕ ಬೇರೆ. ಸೈಕಲ್ಲು ಸವಾರನ ತಲೆಯ ಮೇಲೆ ಜಾಗ ಉಳಿಯುವಂತೆ 2.5 ಮೀಟರ್ ಎತ್ತರ, ಅದರ ಮೇಲೆ ಕಾಂಕ್ರೀಟ್ ಪೆಟ್ಟಿಗೆಯ ಚಾವಣಿ, ಅದರ ಮೇಲೆ ಜಲ್ಲಿ, ಸ್ಲೀಪರ್, ಹಳಿ. ಎಲ್ಲ ಸೇರಿ ಸುಮಾರು ನಾಲ್ಕು ಮೀಟರ್ ಇಳಿದರೆ ಸಾಕು: ಇಪ್ಪತ್ತೇಳು ಮೆಟ್ಟಿಲು, ಅಥವಾ ಎಂಬತ್ತು ಮೀಟರ್ ರ‍್ಯಾಂಪು. ಮೇಲಾಗಿ, ಸೇತುವೆಯಲ್ಲಿ ಸವಾರ ಮೊದಲು ದಮ್ಮು ಕಟ್ಟಿ ಏರಬೇಕು; ಅಂಡರ್‌ಪಾಸಿನಲ್ಲಿ ಇಳಿಯುವಾಗ ಬಂದ ವೇಗವೇ ಅವನನ್ನು ಆಚೆಯ ಏರಿನ ಅರ್ಧದವರೆಗೆ ಕೊಂಡೊಯ್ಯುತ್ತದೆ. ಜನರ ಶ್ರಮದ ದೃಷ್ಟಿಯಿಂದ ಅಂಡರ್‌ಪಾಸೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಮತ್ತು ಕತ್ತಲೆ ಅದರ ಎರಡು ಶತ್ರುಗಳು. ಅವೆರಡನ್ನೂ ನಿಭಾಯಿಸಲು ಆಗದ ಕಡೆ ಮಾತ್ರ ಸೇತುವೆಗೆ ಹೋಗಬೇಕು.

ಆದರೆ ಈ ಲೆಕ್ಕವೆಲ್ಲ ಹಳಿ ಮತ್ತು ಬೀದಿ ಒಂದೇ ಮಟ್ಟದಲ್ಲಿದ್ದಾಗಿನದು. ಬೆಂಗಳೂರಿನಂಥ ಏರು ತಗ್ಗಿನ ಊರಿನಲ್ಲಿ ಹಳಿ ಕೆಲವು ಕಡೆ ಬೀದಿಗಿಂತ ಮೂರು ನಾಲ್ಕು ಮೀಟರ್ ಎತ್ತರದ ಏರಿಯ ಮೇಲೆ, ಇನ್ನು ಕೆಲವು ಕಡೆ ಕೊರೆದ ತಗ್ಗಿನಲ್ಲಿ ಸಾಗುತ್ತದೆ. ಏರಿಯಿರುವಲ್ಲಿ ಅಂಡರ್‌ಪಾಸು ಬೀದಿಯ ಮಟ್ಟದಲ್ಲೇ ನೇರವಾಗಿ ಹಾಯಬಹುದು, ಒಂದು ಮೆಟ್ಟಿಲೂ ಬೇಡ. ತಗ್ಗಿರುವಲ್ಲಿ ಸೇತುವೆ ಬೀದಿಯಿಂದ ಬೀದಿಗೆ ಸಮತಟ್ಟಾಗಿ ಚಾಚಬಹುದು. ಆದ್ದರಿಂದ ಜನರ ಸಂದಿನಿಂದ ಎರಡೂ ಕಡೆಗೆ ನೂರು ಮೀಟರಿನೊಳಗೆ ಹಳಿಯ ಮಟ್ಟ ಮತ್ತು ಬೀದಿಯ ಮಟ್ಟ ಹೇಗೆ ಬದಲಾಗುತ್ತದೆಂಬುದನ್ನು ಸರ್ವೇಯರ್ ಒಬ್ಬರಿಂದ ಅಳೆಯಿಸಿ. ಐವತ್ತು ಮೀಟರ್ ಪಕ್ಕಕ್ಕೆ ಸರಿದರೆ ಎರಡು ಮೀಟರ್ ಏರು ಕಡಿಮೆಯಾಗುವುದಾದರೆ ಸರಿಯಬಹುದು. ಅದಕ್ಕಿಂತ ದೂರ ಸರಿದರೆ ಸಂದು ಮತ್ತೆ ಗೆಲ್ಲುತ್ತದೆ. ಏರಿಯ ಅಡಿಯಲ್ಲಿ ಹಳೆಯ ಕಲ್ಲಿನ ಮೋರಿಗಳಿದ್ದರೆ ಅವನ್ನೂ ಪಟ್ಟಿ ಮಾಡಿ. ನೀರು ಹರಿಯದೆ ಒಣಗಿ ನಿಂತ ಮೋರಿಯ ಪಕ್ಕದಲ್ಲಿ ಅಂಡರ್‌ಪಾಸಿನ ಕಾಂಕ್ರೀಟ್ ಪೆಟ್ಟಿಗೆಯನ್ನು ಏರಿಯೊಳಗೆ ತಳ್ಳುವುದು ಅನೇಕ ಸಲ ಸುಲಭವಾಗುತ್ತದೆ. ಆದರೆ ಮಳೆಗಾಲದಲ್ಲಿ ಹರಿಯುವ ಮೋರಿಯನ್ನು ಮಾತ್ರ ದಾರಿಯಾಗಿಸುವ ಯೋಚನೆ ಬೇಡ.

ಭವಿಷ್ಯದ ಹಳಿಗಳಿಗೂ ಜಾಗ ಬಿಡಬೇಕು. ಬೆಂಗಳೂರಿನ ಉಪನಗರ ರೈಲು ಯೋಜನೆ ನಾಲ್ಕು ಮಾರ್ಗಗಳಲ್ಲಿ ಸುಮಾರು 148 ಕಿಲೋಮೀಟರ್ ಉದ್ದದ್ದು, ಮತ್ತು ಅದರ ಬಹುಭಾಗ ಈಗಿನ ಹಳಿಗಳ ಪಕ್ಕದಲ್ಲೇ ಬರುವಂಥದ್ದು. ಇಂದು ಎರಡು ಹಳಿ ದಾಟಿಸುವ ಸೇತುವೆಯ ಕಂಬವನ್ನು ನಾಳೆಯ ಮೂರನೆಯ ಹಳಿಯ ಜಾಗದಲ್ಲಿ ನಿಲ್ಲಿಸಿದರೆ, ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ. ಇದೇ ವಿಷಯಕ್ಕೆ ಇನ್ನೊಂದು ಮುಖವೂ ಇದೆ: ಹೊಸ ಹಳಿ, ಹೊಸ ನಿಲ್ದಾಣ, ಗೇಟು ಮುಚ್ಚಿ ಕಟ್ಟುವ ರಸ್ತೆ ಮೇಲ್ಸೇತುವೆ, ಇವು ಯಾವುದರ ನಕ್ಷೆ ತಯಾರಾಗುತ್ತಿದ್ದರೂ, ದಾಟುದಾರಿಯನ್ನು ಆ ನಕ್ಷೆಯೊಳಗೇ ಸೇರಿಸುವುದು ಅತ್ಯಂತ ಅಗ್ಗದ ದಾರಿ. ಗೇಟು ಮುಚ್ಚಿದಾಗ ಬಸ್ಸು ಕಾರುಗಳಿಗೆ ಮೇಲ್ಸೇತುವೆ ಸಿಗುತ್ತದೆ, ಆದರೆ ಗೇಟಿನಲ್ಲಿ ನಿಂತು ದಾಟುತ್ತಿದ್ದ ಸೈಕಲ್ಲಿನವರು ಮತ್ತು ಮುದುಕರು ನೂರಾರು ಮೀಟರಿನ ಏರನ್ನು ಲಾರಿಗಳ ಪಕ್ಕದಲ್ಲಿ ಹತ್ತಬೇಕಾಗುತ್ತದೆ. ಮೇಲ್ಸೇತುವೆಯ ನಕ್ಷೆಗೆ ಸಹಿ ಬೀಳುವ ಮೊದಲೇ, ಹಳೆಯ ಗೇಟಿನ ಜಾಗದಲ್ಲೇ ಪಾದಚಾರಿ ಅಂಡರ್‌ಪಾಸು ಬೇಕೆಂದು ಬರೆದುಕೊಡಿ. ಸಹಿ ಬಿದ್ದ ಮೇಲೆ ಅದು ಹೊಸ ಯೋಜನೆಯಾಗಿ ಮೊದಲಿನಿಂದ ಆರಂಭವಾಗುತ್ತದೆ.

ಅಗಲ, ಇಳಿಜಾರು, ಕೈಕಂಬಿ

ಅಗಲದಲ್ಲಿ ಜಿಪುಣತನ ಮಾಡಿದರೆ ಏನಾಗುತ್ತದೆಂಬುದನ್ನು ಮುಂಬೈ ತೋರಿಸಿದೆ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮಳೆಗೆ ಆಶ್ರಯವೆಂದು ಜನರು ನಿಂತಿದ್ದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೆಟ್ಟಿಲಿನಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ಅಲ್ಲಿ ಹೊಸ ಸೇತುವೆಯನ್ನು ಸೇನೆಯ ಎಂಜಿನಿಯರುಗಳು ಬಂದು ಕೆಲವೇ ತಿಂಗಳಲ್ಲಿ ಕಟ್ಟಿಕೊಟ್ಟರು. ಅಗಲವನ್ನು ದಿನದ ಸರಾಸರಿಯಿಂದಲ್ಲ, ನಿಮ್ಮ ಎಣಿಕೆಯಲ್ಲಿ ಅತಿ ಹೆಚ್ಚು ಜನ ದಾಟಿದ ಕಾಲು ಗಂಟೆಯಿಂದ ನಿರ್ಧರಿಸಬೇಕು, ಮತ್ತು ಮಳೆ ಬಂದಾಗ ಜನರು ಅಲ್ಲೇ ನಿಲ್ಲುತ್ತಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡೂ ದಿಕ್ಕಿನ ಸೈಕಲ್ಲಿಗೆ ಮೂರು ಮೀಟರ್, ನಡೆಯುವವರಿಗೆ ಎರಡು ಮೀಟರ್, ಒಟ್ಟು ಐದು ಮೀಟರ್ ಎಂದು ನಾನು ಬೇಡಿಕೆಯಲ್ಲಿ ಬರೆಯುತ್ತೇನೆ. ನಾಲ್ಕಕ್ಕಿಂತ ಕಡಿಮೆಗೆ ಒಪ್ಪಿದರೆ ಸೈಕಲ್ಲು ಮತ್ತು ಮಕ್ಕಳು ದಿನವೂ ಒಬ್ಬರಿಗೊಬ್ಬರು ತಗುಲುತ್ತಾರೆ.

ಸೈಕಲ್ಲಿನವರನ್ನೂ ನಡೆಯುವವರನ್ನೂ ಬೇರ್ಪಡಿಸಲು ಬಳಿದ ಬಣ್ಣದ ಗೆರೆ ಸಾಲದು. ಆಮ್‌ಸ್ಟರ್‌ಡ್ಯಾಮಿನ ಮುಖ್ಯ ರೈಲು ನಿಲ್ದಾಣದ ಅಡಿಯಲ್ಲಿ 2015ರಲ್ಲಿ ತೆರೆದ, 110 ಮೀಟರ್ ಉದ್ದದ ಕಾಯ್ಪರ್ಸ್‌ಪಸಾಜ್ ಸುರಂಗದಲ್ಲಿ ನಡೆಯುವವರ ದಾರಿಯನ್ನು ಸೈಕಲ್ಲಿನ ದಾರಿಗಿಂತ ತುಸು ಎತ್ತರಕ್ಕೆ ಮಾಡಿ, ಆ ಬದಿಯ ಗೋಡೆಗೆ ಹಡಗುಗಳ ಚಿತ್ರವಿರುವ ನೀಲಿ ಬಿಳಿ ಹೆಂಚು ಹಾಕಿದ್ದಾರೆ. ನಡೆಯುವವರು ಚಿತ್ರದ ಕಡೆಗೆ ತಾವಾಗಿಯೇ ಸರಿಯುತ್ತಾರೆ. ಹತ್ತು ಸೆಂಟಿಮೀಟರಿನ ಮಟ್ಟದ ವ್ಯತ್ಯಾಸ ನಮ್ಮಲ್ಲೂ ಕಷ್ಟದ ಕೆಲಸವಲ್ಲ. ಅಂಚನ್ನು ಓರೆಯಾಗಿ ಕತ್ತರಿಸಿದರೆ ಪೆಡಲು ತಗುಲುವುದಿಲ್ಲ.

ಇಳಿಜಾರಿನ ವಿಷಯದಲ್ಲಿ ಹನ್ನೆರಡಕ್ಕೆ ಒಂದು ಎಂಬ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಸಾರ್ವತ್ರಿಕ ಪ್ರವೇಶಾವಕಾಶ ಕುರಿತ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿ ಗಾಲಿಕುರ್ಚಿಗೆ ಹೇಳಿರುವ ಅತಿ ಕಡಿದಾದ ಮಿತಿ ಅದು, ಗುರಿಯಲ್ಲ. ಅದಕ್ಕೂ ನಡುನಡುವೆ ಸಮತಟ್ಟಾದ ನಿಲುಗಡೆಗಳು ಬೇಕು. ಸೈಕಲ್ಲಿಗೆ ಇಪ್ಪತ್ತಕ್ಕೆ ಒಂದು ಇಟ್ಟುಕೊಳ್ಳಿ, ಜಾಗವಿದ್ದರೆ ಮೂವತ್ತಕ್ಕೆ ಒಂದು. ಜಾಗ ಕಡಿಮೆಯಿದ್ದರೆ ರ‍್ಯಾಂಪನ್ನು ಹಾವಿನಂತೆ ಮಡಚುವ ಆಸೆ ಹುಟ್ಟುತ್ತದೆ. ಮಡಚುವುದೇ ಆದರೆ ತಿರುವಿನ ಜಾಗವನ್ನು ಸಮತಟ್ಟಾಗಿ, ಸೈಕಲ್ಲು ಇಳಿಯದೆ ತಿರುಗುವಷ್ಟು ಅಗಲವಾಗಿ ಮಾಡಿ. ಆಚೆ ಬದಿಯಿಂದ ಬರುವವರು ಕಾಣಬೇಕು.

ರ‍್ಯಾಂಪಿಗೆ ಜಾಗವಿಲ್ಲ, ಮೆಟ್ಟಿಲ ಬದಿಗೆ ಸೈಕಲ್ ತಳ್ಳುವ ತೋಡು ಕೊಡುತ್ತೇವೆ ಎಂದು ಹೇಳುವವರಿದ್ದಾರೆ. ನಮ್ಮ ಊರುಗಳಲ್ಲಿ ಕೆಲಸಕ್ಕೆ ಹೋಗುವವರ ಸೈಕಲ್ಲು ಉಕ್ಕಿನ ಚೌಕಟ್ಟಿನದು, ಬರಿಯ ತೂಕವೇ ಇಪ್ಪತ್ತು ಕಿಲೋ ಆಸುಪಾಸು. ಅದಕ್ಕೆ ಎರಡು ಹಾಲಿನ ಕ್ಯಾನು ಅಥವಾ ತೆಂಗಿನಕಾಯಿಯ ಚೀಲ ಸೇರಿದರೆ ನಲವತ್ತೇಳು ಮೆಟ್ಟಿಲು ತಳ್ಳುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಮೊದಲು ಹೇಳಿದ ಆ ಸೇತುವೆಯಲ್ಲಿ ತೋಡನ್ನು ಕೈಕಂಬಿಗೆ ಅಂಟಿಸಿದಂತೆ ಹಾಕಿದ್ದರು. ಚಕ್ರವನ್ನು ತೋಡಿನಲ್ಲಿಟ್ಟರೆ ಹ್ಯಾಂಡಲು ಕೈಕಂಬಿಗೆ ಬಡಿಯುತ್ತಿತ್ತು, ಸೈಕಲ್ಲನ್ನು ಓರೆ ಮಾಡಿದರೆ ಚಕ್ರ ತೋಡಿನಿಂದ ಜಾರುತ್ತಿತ್ತು. ಹ್ಯಾಂಡಲಿನ ಅಗಲ ಅರವತ್ತು ಸೆಂಟಿಮೀಟರ್ ಇರುವಾಗ ತೋಡು ಗೋಡೆಯಿಂದಲೂ ಕೈಕಂಬಿಯಿಂದಲೂ ಕನಿಷ್ಠ ಮೂವತ್ತೈದು ಸೆಂಟಿಮೀಟರ್ ದೂರವಿರಬೇಕೆಂಬುದನ್ನು ಒಂದು ಸೈಕಲ್ಲು ತಂದು ನಿಲ್ಲಿಸಿ ನೋಡಿದ್ದರೆ ತಿಳಿಯುತ್ತಿತ್ತು. ತೋಡು ರ‍್ಯಾಂಪಿನ ಜೊತೆಗಿರಬಹುದು, ರ‍್ಯಾಂಪಿಗೆ ಬದಲಾಗಿ ಅಲ್ಲ. ಲಿಫ್ಟೂ ಹಾಗೆಯೇ. ಗಾಲಿಕುರ್ಚಿಯವರಿಗೆ ಅದು ನೆರವಾಗುತ್ತದೆ, ಆದರೆ ಕೆಟ್ಟ ದಿನ ದುರಸ್ತಿಗೆ ಯಾರು ಬರುತ್ತಾರೆಂದು ಕರಾರಿನಲ್ಲಿ ಬರೆದಿಲ್ಲದ ಲಿಫ್ಟನ್ನು ನಂಬಿ ರ‍್ಯಾಂಪನ್ನು ಬಿಟ್ಟುಕೊಡಬಾರದು.

ಸೇತುವೆಯಾದರೆ, ತಂತಿಯ ನೇರ ಮೇಲಿನ ಭಾಗದಲ್ಲಿ ಕೈಯಾಗಲಿ ಕೋಲಾಗಲಿ ಹೊರಚಾಚದಂತೆ ಎತ್ತರದ ತಡೆ ಹಾಕುವುದು ಮತ್ತು ಲೋಹದ ಭಾಗಗಳನ್ನೆಲ್ಲ ಭೂಸಂಪರ್ಕಕ್ಕೆ ಜೋಡಿಸುವುದು ಕಡ್ಡಾಯ. ಇದನ್ನು ರೈಲ್ವೆಯ ವಿದ್ಯುತ್ ಶಾಖೆ ನೋಡಿಕೊಳ್ಳುತ್ತದೆ.

ನೀರು ಮತ್ತು ಕತ್ತಲೆ

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ರಸ್ತೆ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕಾರಿನೊಳಗಿದ್ದ ಯುವತಿಯೊಬ್ಬರು ತೀರಿಕೊಂಡರು. ಆ ದಿನದ ನಂತರ ಅಂಡರ್‌ಪಾಸ್ ಎಂಬ ಮಾತು ಎತ್ತಿದೊಡನೆ ಜನರು ಹೆದರುವುದು ಸಹಜ. ಹೆದರಿಕೆಗೆ ಉತ್ತರವನ್ನು ನಕ್ಷೆಯಲ್ಲೇ ಕೊಡಬೇಕು.

ಅಂಡರ್‌ಪಾಸಿಗೆ ಬೀಳುವ ಮಳೆಗಿಂತ ಬೀದಿಯಿಂದ ಒಳಗೆ ಹರಿದುಬರುವ ನೀರೇ ಹೆಚ್ಚು ತೊಂದರೆ ಕೊಡುತ್ತದೆ. ಆದ್ದರಿಂದ ರ‍್ಯಾಂಪಿನ ಬಾಯಿಯನ್ನು ಬೀದಿಯ ಮಟ್ಟದಿಂದ ಇಪ್ಪತ್ತು ಮೂವತ್ತು ಸೆಂಟಿಮೀಟರ್ ಉಬ್ಬಿಸಿ, ಆ ಉಬ್ಬಿನಿಂದಾಚೆಗೆ ಇಳಿಜಾರನ್ನು ಆರಂಭಿಸಬೇಕು. ಸೈಕಲ್ಲಿಗೆ ಅದು ಗೊತ್ತೇ ಆಗದಷ್ಟು ನಯವಾಗಿರಬೇಕು. ರ‍್ಯಾಂಪಿನ ಮೇಲೆ ಸಾಧ್ಯವಾದ ಕಡೆ ಚಾವಣಿ ಹಾಕಬೇಕು. ತಳದಲ್ಲಿ ಅಡ್ಡ ಚರಂಡಿ, ಅದರಿಂದ ಕೂಡುಗುಂಡಿ, ಅಲ್ಲಿಂದ ನೀರು ಗುರುತ್ವದಿಂದಲೇ ರಾಜಕಾಲುವೆಗೆ ಇಳಿಯುವಂತಿದ್ದರೆ ಅದೇ ಶ್ರೇಷ್ಠ. ಆಗದಿದ್ದರೆ ಎರಡು ಪಂಪು, ಒಂದು ಕೆಟ್ಟರೆ ಇನ್ನೊಂದು ತಾನಾಗಿ ಚಾಲೂ ಆಗುವಂತೆ, ಮತ್ತು ವಿದ್ಯುತ್ ಹೋದಾಗ ಓಡಿಸಲು ಬೇರೆ ವ್ಯವಸ್ಥೆ. ಜೋರು ಮಳೆಯಲ್ಲಿ ಕರೆಂಟು ಹೋಗುತ್ತದೆ, ಪಂಪು ಬೇಕಾಗುವುದೂ ಆಗಲೇ. ಮೊಣಕಾಲಿನ ಮಟ್ಟಕ್ಕಿಂತ ಕೆಳಗೇ ಕೆಂಪು ಪಟ್ಟಿ ಬಳಿದು, ನೀರು ಅಲ್ಲಿಗೆ ಬಂದರೆ ದಾರಿ ಮುಚ್ಚುವ ಗೇಟು ಮತ್ತು ಮುಚ್ಚುವ ಹೊಣೆಯಿರುವ ಒಬ್ಬ ವ್ಯಕ್ತಿ ಇರಬೇಕು. ಅಡ್ಡ ಚರಂಡಿಯ ಮೇಲಿನ ಜಾಲರಿಯ ಸರಳುಗಳು ಸೈಕಲ್ಲು ಸಾಗುವ ದಿಕ್ಕಿಗೆ ಅಡ್ಡವಾಗಿರಲಿ. ಅವು ಉದ್ದಕ್ಕಿದ್ದರೆ ಚಕ್ರ ಸಂದಿಯಲ್ಲಿ ಸಿಕ್ಕಿ ಸವಾರ ಮುಂದಕ್ಕೆ ಬೀಳುತ್ತಾನೆ. ಗುತ್ತಿಗೆದಾರರು ಜಾಲರಿಯನ್ನು ಸುಲಭವಾದ ಕಡೆಗೆ ತಿರುಗಿಸಿ ಕೂರಿಸಿಬಿಡುತ್ತಾರೆ, ಆದ್ದರಿಂದ ನಕ್ಷೆಯಲ್ಲಿ ಬಾಣದ ಗುರುತು ಹಾಕಿಸಿ.

ಕತ್ತಲೆಗೆ ದೀಪವೊಂದೇ ಉತ್ತರವಲ್ಲ. ಸಂಜೆ ಏಳಕ್ಕೆ ಗಾರ್ಮೆಂಟ್ ಕಾರ್ಖಾನೆಯಿಂದ ಒಬ್ಬರೇ ಹಿಂದಿರುಗುವ ಹೆಂಗಸರು ಅಂಡರ್‌ಪಾಸಿನ ಬಾಯಿಯಲ್ಲಿ ನಿಂತು ಆಚೆಯ ಬಾಯಿಯನ್ನೂ, ಅದರಾಚೆಯ ಬೀದಿಯನ್ನೂ ಕಾಣಬೇಕು. ಕಾಣದಿದ್ದರೆ ಅವರು ಒಳಗೆ ಕಾಲಿಡುವುದಿಲ್ಲ, ಹಳಿಯ ಮೇಲೇ ಹೋಗುತ್ತಾರೆ. ಅದಕ್ಕಾಗಿ ದಾರಿ ನೇರವಾಗಿರಬೇಕು, ಬಾಯಿಯ ಗೋಡೆಗಳು ಹೊರಕ್ಕೆ ಅಗಲವಾಗಿ ತೆರೆದುಕೊಳ್ಳಬೇಕು, ಮೂಲೆ ಮತ್ತು ಕಂಬದ ಮರೆ ಇರಬಾರದು. ಬಾಯಿಯ ಹತ್ತಿರ ಹೂವಿನವರಿಗೆ, ಸೈಕಲ್ ರಿಪೇರಿಯವರಿಗೆ ಪರವಾನಗಿ ಕೊಟ್ಟು ಜಾಗ ಗುರುತಿಸಿದರೆ ಅವರ ಕಣ್ಣು ಯಾವ ಕ್ಯಾಮೆರಾಗಿಂತಲೂ ಚೆನ್ನಾಗಿ ಕಾಯುತ್ತದೆ. ನಕ್ಷೆ ಅಂತಿಮವಾಗುವ ಮೊದಲು ಹೆಂಗಸರ ಒಂದು ಗುಂಪನ್ನು ಸಂಜೆಯ ಹೊತ್ತು ಸ್ಥಳಕ್ಕೆ ಕರೆದು, ಎಲ್ಲಿ ಹೆದರಿಕೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ರೈಲ್ವೆ ಮತ್ತು ಪಾಲಿಕೆಯ ನಡುವೆ

ಮೊದಲು ನಿಮ್ಮ ಹಳಿ ಯಾರದೆಂದು ತಿಳಿಯಿರಿ. ನೈಋತ್ಯ ರೈಲ್ವೆ 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾಯಿತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅದರ ಮೂರು ವಿಭಾಗಗಳು. ಆದರೆ ಕರ್ನಾಟಕದ ಹಳಿಗಳೆಲ್ಲ ಅದಕ್ಕೆ ಸೇರಿಲ್ಲ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಉಡುಪಿಯ ಹಳಿ ಕೊಂಕಣ ರೈಲ್ವೆಯದು. ಅರ್ಜಿ ಸರಿಯಾದ ವಿಭಾಗೀಯ ವ್ಯವಸ್ಥಾಪಕರ ಕಚೇರಿಗೆ ಹೋಗಬೇಕು. ಬೀದಿಯ ಕಡೆ ಯಾವ ಪಾಲಿಕೆಯೆಂಬುದನ್ನೂ ವಿಚಾರಿಸಿ: ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಿರುವುದರಿಂದ, ಹಳಿಯ ಎರಡು ಬದಿಗೆ ಎರಡು ಪಾಲಿಕೆಗಳಿರುವ ಸಂದರ್ಭವೂ ಬರಬಹುದು. ಆಗ ಎರಡರಿಂದಲೂ ಒಪ್ಪಿಗೆ ಬೇಕು.

ನಾಗರಿಕರ ಅರ್ಜಿಯನ್ನು ರೈಲ್ವೆ ಸ್ವೀಕರಿಸುತ್ತದೆ, ಆದರೆ ಹಣ ಕಟ್ಟುವ ಸಂಸ್ಥೆಯ ಪತ್ರವಿಲ್ಲದೆ ಕಡತ ಮುಂದಕ್ಕೆ ಹೋಗುವುದಿಲ್ಲ. ಮಾರ್ಗ ಆರಂಭವಾದ ಮೇಲೆ ರಾಜ್ಯ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಹೊಸ ದಾಟುದಾರಿ ಕೇಳಿದರೆ ಸಾಮಾನ್ಯವಾಗಿ ವೆಚ್ಚವೂ ಅವರದೇ. ಇದನ್ನು ಠೇವಣಿ ಕಾಮಗಾರಿ ಎನ್ನುತ್ತಾರೆ: ಸ್ಥಳೀಯ ಸಂಸ್ಥೆ ಅಂದಾಜು ಮೊತ್ತವನ್ನು ರೈಲ್ವೆಯಲ್ಲಿ ಠೇವಣಿ ಇಡುತ್ತದೆ, ಹಳಿಯ ಅಡಿಯ ಅಥವಾ ಮೇಲಿನ ಭಾಗವನ್ನು ರೈಲ್ವೆ ಕಟ್ಟುತ್ತದೆ, ರ‍್ಯಾಂಪು ಮತ್ತು ಬೀದಿಯ ಜೋಡಣೆಯನ್ನು ಸ್ಥಳೀಯ ಸಂಸ್ಥೆ ಕಟ್ಟುತ್ತದೆ. ಆದ್ದರಿಂದ ನಿಮ್ಮ ಎಣಿಕೆ, ನಕ್ಷೆ, ಕಂಬದ ಸಂಖ್ಯೆಗಳನ್ನು ಹಿಡಿದು ಮೊದಲು ಪಾಲಿಕೆಯ ಆಯುಕ್ತರಲ್ಲಿಗೆ ಹೋಗಿ. ಅವರು ವಿಭಾಗೀಯ ವ್ಯವಸ್ಥಾಪಕರಿಗೆ ಬರೆದು ಜಂಟಿ ಸ್ಥಳ ಪರಿಶೀಲನೆ ಕೋರಲಿ. ಪರಿಶೀಲನೆಯ ದಿನ ನೀವೂ ಅಲ್ಲಿರಬೇಕು. ಬೆಳಗಿನ ಎಂಟು ಗಂಟೆಗೆ ಇಡಿಸಿಕೊಂಡರೆ, ಅಧಿಕಾರಿಗಳು ಜನರ ಸಾಲನ್ನು ಕಣ್ಣಾರೆ ನೋಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದವರಿಗೆ ಖಾಲಿ ಹಳಿ ಕಾಣುತ್ತದೆ.

ಅದರ ನಂತರ ತಯಾರಾಗುವ ಸಾಮಾನ್ಯ ವಿನ್ಯಾಸ ನಕ್ಷೆ, ಕಚೇರಿಯ ಭಾಷೆಯಲ್ಲಿ ಜಿಎಡಿ, ಇಡೀ ಯೋಜನೆಯ ಜೀವಾಳ. ರೈಲ್ವೆಯ ಎಂಜಿನಿಯರಿಂಗ್, ವಿದ್ಯುತ್, ಸಿಗ್ನಲ್ ಶಾಖೆಗಳೆಲ್ಲ ಅದಕ್ಕೆ ಸಹಿ ಹಾಕಬೇಕು, ಮತ್ತು ಒಮ್ಮೆ ಸಹಿಯಾದ ಮೇಲೆ ಅಗಲವನ್ನೋ ಇಳಿಜಾರನ್ನೋ ಬದಲಿಸುವುದೆಂದರೆ ಎಲ್ಲ ಮೇಜುಗಳನ್ನೂ ಮತ್ತೆ ಸುತ್ತುವುದು. ಐದು ಮೀಟರ್, ಇಪ್ಪತ್ತಕ್ಕೆ ಒಂದು, ಉಬ್ಬಿದ ಬಾಯಿ, ಜಾಲರಿಯ ದಿಕ್ಕು, ಇವೆಲ್ಲ ಈ ಹಾಳೆಯ ಮೇಲೆ ಇವೆಯೇ ಎಂದು ನೋಡಿ. ಹಾಳೆ ಕೈಗೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪ್ರತಿ ಕೇಳಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಓಡುತ್ತಿರುವ ಹಳಿಯನ್ನು ಬಾಧಿಸುವ ಕಾಮಗಾರಿಗೆ ರೈಲ್ವೆ ಸುರಕ್ಷತಾ ಆಯುಕ್ತರ ಅನುಮತಿಯೂ ಬೇಕಾಗುತ್ತದೆ. ಅವರು ರೈಲ್ವೆ ಸಚಿವಾಲಯದ ಬದಲು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದ್ದು ಸ್ವತಂತ್ರವಾಗಿ ಪರಿಶೀಲಿಸುತ್ತಾರೆ.

ಕಾಮಗಾರಿಯ ದಿನಗಳು

ಹಳಿಯ ಅಡಿಯಲ್ಲಿ ದಾರಿ ಮಾಡುವ ಎರಡು ವಿಧಾನಗಳು ಬಳಕೆಯಲ್ಲಿವೆ. ಏರಿ ಸಾಕಷ್ಟು ಎತ್ತರವಿದ್ದರೆ, ಕಾಂಕ್ರೀಟ್ ಪೆಟ್ಟಿಗೆಗಳನ್ನು ಪಕ್ಕದಲ್ಲೇ ಎರಕ ಹೊಯ್ದು, ಹೈಡ್ರಾಲಿಕ್ ಜಾಕ್‌ಗಳಿಂದ ಇಂಚಿಂಚಾಗಿ ಏರಿಯೊಳಗೆ ತಳ್ಳುತ್ತಾರೆ. ಮುಂದಿನಿಂದ ಮಣ್ಣು ತೆಗೆಯುತ್ತಾ ಹೋಗುವಾಗ ಮೇಲೆ ರೈಲುಗಳು ನಿಧಾನ ವೇಗದಲ್ಲಿ ಓಡುತ್ತಲೇ ಇರುತ್ತವೆ. ಏರಿ ತಗ್ಗಿದ್ದರೆ, ಹಳಿಗೆ ತಾತ್ಕಾಲಿಕ ಉಕ್ಕಿನ ತೊಲೆಗಳ ಆಸರೆ ಕೊಟ್ಟು, ಕೆಲವು ಗಂಟೆ ರೈಲು ನಿಲ್ಲಿಸಿ, ಅಗೆದು, ಸಿದ್ಧಪಡಿಸಿದ ಪೆಟ್ಟಿಗೆಯನ್ನು ಕ್ರೇನಿನಿಂದ ಇಳಿಸುತ್ತಾರೆ. ಈ ಕೆಲವು ಗಂಟೆಗಳ ಬಿಡುವನ್ನು ಬ್ಲಾಕ್ ಎನ್ನುತ್ತಾರೆ. ದಟ್ಟ ಸಂಚಾರದ ಮಾರ್ಗದಲ್ಲಿ ಬ್ಲಾಕ್ ಸಿಗುವುದೇ ಕಾಮಗಾರಿಯ ನಿಜವಾದ ವೇಳಾಪಟ್ಟಿ. ಮಳೆಗಾಲದಲ್ಲಿ ಇವೆರಡನ್ನೂ ಮಾಡಬಾರದು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ.

ಅಗೆಯುವ ಮೊದಲು ನೆಲದೊಳಗೆ ಏನಿದೆಯೆಂದು ತಿಳಿದಿರಬೇಕು. ಹಳಿಯ ಬದಿಯಲ್ಲಿ ಸಿಗ್ನಲ್ ಕೇಬಲ್ಲು ಮತ್ತು ಆಪ್ಟಿಕಲ್ ಫೈಬರ್ ಇರುತ್ತವೆ. ಜೆಸಿಬಿಯ ಒಂದು ಏಟಿಗೆ ಸಿಗ್ನಲ್ ಕೇಬಲ್ಲು ಕತ್ತರಿಸಿದರೆ ಆ ಭಾಗದ ಸಂಚಾರವೇ ಅಸ್ತವ್ಯಸ್ತವಾಗುತ್ತದೆ. ಬೀದಿಯ ಕಡೆ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ಲುಗಳಿರುತ್ತವೆ. ಕೈಯಿಂದ ಅಗೆದು ನೋಡುವ ಪರೀಕ್ಷಾ ಗುಂಡಿಗಳಿಗೆ ಅಂದಾಜಿನಲ್ಲೇ ಹಣ ಇಡಿಸಿ. ಕಾಮಗಾರಿಯ ತಿಂಗಳುಗಳಲ್ಲಿ ಜನರು ಎಲ್ಲಿ ದಾಟಬೇಕೆಂಬುದನ್ನೂ ಆಗಲೇ ನಿರ್ಧರಿಸಿ, ಶಾಲೆಯ ಹೊತ್ತಿಗಾದರೂ ಕಾವಲಿನವರನ್ನು ನಿಲ್ಲಿಸಿ.

ತೆರೆದ ಮೇಲೆ

ಒಪ್ಪಂದದಲ್ಲಿ ಕಟ್ಟಡದ ಹೊಣೆ ಯಾರದೆಂದು ಬರೆದಿರುತ್ತಾರೆ. ಗುಡಿಸುವ, ಬಲ್ಬು ಬದಲಿಸುವ, ಕೂಡುಗುಂಡಿಯ ಹೂಳು ತೆಗೆಯುವ ಹೊಣೆಯನ್ನು ಬರೆದಿರುವುದಿಲ್ಲ. ಪ್ರತಿಯೊಂದಕ್ಕೂ ಒಂದು ಹುದ್ದೆಯ ಹೆಸರು, ಒಂದು ವಾರ್ಷಿಕ ಮೊತ್ತ, ಒಂದು ದೂರವಾಣಿ ಸಂಖ್ಯೆಯನ್ನು ಒಪ್ಪಂದಕ್ಕೆ ಸೇರಿಸಿ, ಸಂಖ್ಯೆಯನ್ನು ದಾಟುದಾರಿಯ ಬಾಯಿಯಲ್ಲೇ ಬರೆಸಿ. ಸೇತುವೆಯಾದರೆ ಪ್ರತಿವರ್ಷದ ತಪಾಸಣೆಯನ್ನೂ ಬರೆಸಿ. 2019ರ ಮಾರ್ಚಿನಲ್ಲಿ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಪಕ್ಕದ ಪಾದಚಾರಿ ಸೇತುವೆಯ ನೆಲ ಕುಸಿದು ಜನ ಸತ್ತಾಗ, ಆ ಸೇತುವೆ ರೈಲ್ವೆಯದೋ ಪಾಲಿಕೆಯದೋ ಎಂಬ ವಾದವೇ ಮೊದಲು ಎದ್ದಿತು.

ತೆರೆದು ಒಂದು ತಿಂಗಳಾದ ಮೇಲೆ, ಮೊದಲು ಎಣಿಸಿದ್ದ ಅದೇ ಇಬ್ಬರು ಅದೇ ನೋಟ್‌ಬುಕ್ಕು ಹಿಡಿದು, ಅದೇ ಗೋಡೆಯ ಸಂದಿನ ಹೊರಗೆ ಮತ್ತೊಮ್ಮೆ ಮೂರು ದಿನ ನಿಲ್ಲಬೇಕು. ಆಗಲೂ ಅಲ್ಲಿ ದಾಟುತ್ತಿರುವವರನ್ನು ನಿಲ್ಲಿಸಿ ಕಾರಣ ಕೇಳಿ. ರ‍್ಯಾಂಪಿನ ಬಾಯಿಯಲ್ಲಿ ಬೈಕುಗಳು ಅಡ್ಡ ನಿಂತಿವೆ, ಸಂಜೆ ದೀಪ ಹತ್ತುವುದಿಲ್ಲ, ಬೀದಿಯಿಂದ ರ‍್ಯಾಂಪಿಗೆ ಹೋಗಲು ಇನ್ನೊಂದು ರಸ್ತೆ ದಾಟಬೇಕು ಎಂಬಂಥ ಉತ್ತರಗಳು ಬರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ವಾರದೊಳಗೆ ಸರಿಪಡಿಸಬಹುದು. ಅವನ್ನು ಸರಿಪಡಿಸಿ, ಮತ್ತೆ ಎಣಿಸಿ, ಸಂದಿನ ಸಂಖ್ಯೆ ಬೆರಳೆಣಿಕೆಗೆ ಇಳಿದ ಮೇಲೆಯೇ ಗೋಡೆಯನ್ನು ಮುಚ್ಚಲು ರೈಲ್ವೆಗೆ ಬರೆಯಿರಿ.